ಬೀಳದ ಚೆಂಡಿನ ಅಕ್ಕೋರು

ನಮ್ಮ ಗಣಿತದ ಅಕ್ಕೋರು ತೀರಿಕೊಂಡ ಸುದ್ದಿ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಯಾರೋ ಅವರ ಫೋಟೋ ಹಾಕಿ, ಸುತ್ತ ಗುಲಾಬಿ ಹೂವಿನ ಚೌಕಟ್ಟು ಕೂಡಿಸಿದ್ದರು. ಸಂಜೆಯೊಳಗೆ ಮೂವತ್ತೆಂಟು ಜನ ಕೈ ಮುಗಿದರು. ‘ಮಾತೃಹೃದಯದ ಗುರುಮಾತೆ’ ಎಂದು ಒಬ್ಬಳು ಬರೆದಳು. ಅವಳು ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲಿ ಐದನೇ ನಂಬರಿನವಳು. ಇದೇ ಗುರುಮಾತೆಯ ಕಾಲದಲ್ಲಿ ಸೋಮವಾರ ಬಂತೆಂದರೆ ಹೊಟ್ಟೆನೋವೆಂದು ಮನೆಯಲ್ಲಿ ಹೊರಳಾಡುತ್ತಿದ್ದಳು. ನಾನು ಏನೂ ಬರೆಯಲಿಲ್ಲ. ಗುಂಪಿನಲ್ಲಿ ಅರವತ್ತು ಜನ ಇದ್ದೇವೆ. ಅಕ್ಕೋರು ಇದ್ದಿದ್ದರೆ ಕೈ ಮುಗಿದ ಮೂವತ್ತೆಂಟು ಜನರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮುಗಿಯದ ಇಪ್ಪತ್ತೆರಡು ಜನರ ಪಟ್ಟಿ ಮಾಡುತ್ತಿದ್ದರು, ಅದರಲ್ಲಿ ನನ್ನದೇ ಮೊದಲ ಹೆಸರು ಇರುತ್ತಿತ್ತು.

ಅವರು ಎತ್ತರದ, ಒಣಕಲು ಹೆಂಗಸು. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು, ಹೊತ್ತೆಷ್ಟಾಯಿತೆಂದು ಪಕ್ಕದವರಿಗೆ ಪುಕ್ಕಟೆ ತಿಳಿಯಬಾರದು ಎನ್ನುವ ಹಾಗೆ. ಊಟದ ಹೊತ್ತಿಗೆ ಖಡಕ್ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿ ಹಚ್ಚಿಕೊಂಡು, ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು. ಯಾರಿಗೂ ‘ಬರ್ರಿ ಊಟಕ್ಕ’ ಎಂದವರಲ್ಲ. ನಮ್ಮ ಕಡೆ ಅದು ದೊಡ್ಡ ಅಪರಾಧ. ಸಿಟ್ಟು ಬಂದಾಗ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕೊನೆಯ ಬೆಂಚಿನವರು ಕುತ್ತಿಗೆ ಮುಂದೆ ಚಾಚಿ ತಮ್ಮ ಬೈಗುಳವನ್ನು ತಾವೇ ಕಷ್ಟಪಟ್ಟು ಕೇಳಿಸಿಕೊಳ್ಳಬೇಕಾಗುತ್ತಿತ್ತು. ಬೆತ್ತವನ್ನು ಅವರು ಮುಟ್ಟಿದ್ದನ್ನು ನಾನು ನೋಡಿಲ್ಲ. ಪಿ.ಟಿ. ಮಾಸ್ತರು ಬೆತ್ತದಿಂದ ಹೊಡೆದರೆ ಬಾವು ಮರುದಿನಕ್ಕೆ ಇಳಿದು ಹೋಗುತ್ತಿತ್ತು. ಅಕ್ಕೋರು ಹೊಡೆದದ್ದು ನನಗೆ ಮೂವತ್ತೈದು ದಾಟಿದರೂ ಇಳಿದಿಲ್ಲ.

ಇಂಥವರ ಬಗ್ಗೆ ಬರೆಯುವವರು ಅವರ ಬದುಕಿನಲ್ಲಿ ಎಲ್ಲಿಯೋ ಅಡಗಿದ್ದ ಒಂದು ದುಃಖವನ್ನು ಹುಡುಕಿ ತಂದು ಕೊನೆಗೆ ಇಡುತ್ತಾರೆ. ಓದಿದವರು ‘ಅಯ್ಯೋ ಪಾಪ, ಅದಕ್ಕೇ ಹಾಗಿದ್ದರು’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನಾನೂ ಹುಡುಕಿದೆ. ಸಿಗಲಿಲ್ಲ. ಅವರ ಗಂಡ ನೀರಾವರಿ ಕಚೇರಿಯಲ್ಲಿದ್ದರು, ಮೃದು ಮನುಷ್ಯ, ಸಾಲಿ ಬಿಡುವ ಹೊತ್ತಿಗೆ ಸ್ಕೂಟರು ತಂದು ಗೇಟಿನ ಹೊರಗೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇಬ್ಬರು ಮಕ್ಕಳು ಚೆನ್ನಾಗಿ ಓದಿದರು. ಅತ್ತೆ ಕೂಡ ಇವರನ್ನು ಹೊಗಳುತ್ತಿದ್ದಳಂತೆ. ಅಕ್ಕೋರಿಗೆ ಯಾವ ನೋವೂ ಇರಲಿಲ್ಲ. ಅವರು ಇದ್ದದ್ದೇ ಹಾಗೆ.

ಬಾಸ್ಕೆಟ್‌ಬಾಲಿಗೆ ಅವರು ಬಂದದ್ದು ಒಲ್ಲದ ಮನಸ್ಸಿನಿಂದ. ನಮ್ಮದು ಬಸವನ ಬಾಗೇವಾಡಿ ತಾಲೂಕಿನ ಒಂದು ಹೈಸ್ಕೂಲು. ಹೆಣ್ಣುಮಕ್ಕಳ ತಂಡ ಬೇರೆ ಊರಿಗೆ ಆಡಲು ಹೋದರೆ ಜೊತೆಗೆ ಒಬ್ಬ ಅಕ್ಕೋರು ಇರಲೇಬೇಕೆಂದು ನಿಯಮ. ಕನ್ನಡದ ಅಕ್ಕೋರಿಗೆ ಕೈಕೂಸು, ಹಿಂದಿ ಅಕ್ಕೋರಿಗೆ ಬಸ್ಸೇರಿದರೆ ವಾಂತಿ. ಗಣಿತದ ಅಕ್ಕೋರಿಗೆ ನೆಪ ಹೇಳಲು ಬರುತ್ತಿರಲಿಲ್ಲ, ಹಾಗಾಗಿ ಅವರೇ ಬಂದರು. ಮೊದಲ ಪಂದ್ಯ ಇಂಡಿಯಲ್ಲಿ ನಡೆಯಿತು. ಮೈದಾನದ ಬದಿಗೆ ಕಬ್ಬಿಣದ ಕುರ್ಚಿ ಹಾಕಿಸಿಕೊಂಡು, ಕಪ್ಪು ಕೊಡೆ ಬಿಚ್ಚಿ, ಎರಡು ತಾಸು ತುಟಿ ಬಿಗಿದು ಕುಳಿತರು. ಪಂದ್ಯ ಮುಗಿದ ಮೇಲೆ ಪಿ.ಟಿ. ಮಾಸ್ತರಿಗೆ ಒಂದೇ ಪ್ರಶ್ನೆ ಕೇಳಿದರು. ಆಟಗಾರರ ನಂಬರು ನಾಲ್ಕರಿಂದ ಯಾಕೆ ಶುರುವಾಗುತ್ತದೆ, ಒಂದು ಎರಡು ಮೂರು ಎಲ್ಲಿ ಹೋದವು? ಹದಿನೆಂಟು ವರ್ಷ ಆಟ ಕಲಿಸಿದ ಮಾಸ್ತರಿಗೆ ಅದು ಗೊತ್ತಿರಲಿಲ್ಲ. ಅಕ್ಕೋರು ಅವರನ್ನು ಒಮ್ಮೆ ನೋಡಿದರು. ಅವತ್ತಿನಿಂದ ಮಾಸ್ತರು ಅವರ ಎದುರಿಗೆ ಸೀಟಿ ಊದುವಾಗಲೂ ಅನುಮತಿ ಕೇಳುವವರ ಹಾಗೆ ಊದುತ್ತಿದ್ದರು.

ನಿಯಮದ ಪುಸ್ತಕವನ್ನು ಮನೆಗೆ ಒಯ್ದು ಒಂದು ವಾರದಲ್ಲಿ ಬಾಯಿಪಾಠ ಮಾಡಿದರು. ಮುಂದಿನ ಪಂದ್ಯಕ್ಕೆ ಬರುವಾಗ ಉದ್ದನೆಯ ಹಾಳೆಗೆ ಕೆಂಪು ಗೆರೆ ಹೊಡೆದುಕೊಂಡು ಬಂದರು. ಎಡಕ್ಕೆ ನಂಬರು, ಮೇಲೆ ಕಾಲಂಗಳು: ಒಗೆದದ್ದು, ಬಿದ್ದದ್ದು, ಬೀಳದ್ದು, ಕಳೆದದ್ದು, ಫೌಲು. ಒಗೆದದ್ದು ಅಂದರೆ ರಿಂಗಿನತ್ತ ಎಸೆದದ್ದು, ಕಳೆದದ್ದು ಅಂದರೆ ನಮ್ಮ ಕೈಯಲ್ಲಿದ್ದ ಚೆಂಡನ್ನು ಎದುರಿನವರಿಗೆ ಒಪ್ಪಿಸಿದ್ದು. ಆಗ ನಮ್ಮ ಕಡೆಯ ರಿಂಗುಗಳಿಗೆ ಬಲೆ ಇರುತ್ತಿರಲಿಲ್ಲ. ಚೆಂಡು ರಿಂಗಿನ ಒಳಗಿಂದ ಇಳಿಯಿತೋ ಹೊರಗಿಂದ ಜಾರಿತೋ ಎಂದು ಪ್ರತಿ ಪಂದ್ಯದಲ್ಲೂ ಜಗಳ ಆಗುತ್ತಿತ್ತು. ಅಕ್ಕೋರು ಬಂದ ಮೇಲೆ ಜಗಳ ನಿಂತಿತು. ಅವರು ಬಿತ್ತು ಅಂದರೆ ಬಿತ್ತು, ಇಲ್ಲ ಅಂದರೆ ಇಲ್ಲ. ಮುದ್ದೇಬಿಹಾಳದ ಮಾಸ್ತರು ಕೂಡ ಅವರ ಮುಖ ನೋಡಿಯೇ ತಮ್ಮ ಹುಡುಗಿಯರಿಗೆ ಚಪ್ಪಾಳೆ ತಟ್ಟುತ್ತಿದ್ದರು. ನಾಲ್ಕು ತಾಲೂಕಿನಲ್ಲಿ ಒಬ್ಬೊಬ್ಬ ಆಟಗಾರ್ತಿಯದನ್ನೂ ಬೇರೆ ಬೇರೆ ಬರೆಯುವವರು ಇನ್ನೊಬ್ಬರಿರಲಿಲ್ಲ. ಉಳಿದವರು ಬರೀ ಒಟ್ಟು ಅಂಕ ಬರೆದುಕೊಳ್ಳುತ್ತಿದ್ದರು.

ಬಿದ್ದದ್ದನ್ನು ಬರೆದರೆ ಸಾಲದೇ, ಬೀಳದ್ದನ್ನು ಯಾಕೆ ಬರೆಯುತ್ತೀರಿ ಎಂದು ಮಾಸ್ತರು ಒಮ್ಮೆ ಧೈರ್ಯ ಮಾಡಿ ಕೇಳಿದರು.

“ಬಿದ್ದದ್ದು ಊರ ಮಂದಿ ನೋಡ್ತೈತಿ,” ಎಂದರು ಅಕ್ಕೋರು. “ಬೀಳದ್ದು ನಾ ನೋಡ್ತೇನಿ.”

ನೋಡಿದ್ದನ್ನು ಅವರು ಸೋಮವಾರ ಓದುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಇಡೀ ಸಾಲಿ ಬಿಸಿಲಿನಲ್ಲಿ ನಿಂತಿರುವಾಗ ನಾವು ಐದು ಜನ ಮುಂದೆ ಬಂದು ಸಾಲಾಗಿ ನಿಲ್ಲಬೇಕು. ನಮಗೆ ಹೆಸರಿರಲಿಲ್ಲ, ನಂಬರಿತ್ತು. “ನಾಲ್ಕನೇ ನಂಬರು. ಒಗೆದದ್ದು ಹನ್ನೊಂದು, ಬೀಳದ್ದು ಒಂಬತ್ತು.” ಅಷ್ಟನ್ನೇ ಓದುತ್ತಿದ್ದರು, ಬಿದ್ದದ್ದನ್ನು ನಾವೇ ಕಳೆದು ತಿಳಿದುಕೊಳ್ಳಬೇಕು. ಓದಿದ ಮೇಲೆ ಕನ್ನಡಕದ ಮೇಲಿನಿಂದ ನೋಡಿ ಒಂದು ಮಾತು ಕೇಳುತ್ತಿದ್ದರು: “ಏನರ ಹೇಳೂದೈತೇನ?” ನಾವು “ಇಲ್ರಿ ಅಕ್ಕೋರ” ಅನ್ನುತ್ತಿದ್ದೆವು. ಆಮೇಲೆ ಹಾಳೆಗೆ ಹೆಡ್‌ಮಾಸ್ತರ ಸಹಿ ಬೀಳುತ್ತಿತ್ತು. ಒಮ್ಮೆ ಸಹಿ ಬಿದ್ದ ಹಾಳೆಯಲ್ಲಿ ಒಂದು ಚುಕ್ಕಿಯನ್ನೂ ಅವರು ಬದಲಿಸುತ್ತಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಒಬ್ಬಳೇ, ಎಂಟನೇ ನಂಬರಿನ ಹುಡುಗಿ. ಅವಳು ಒಂಬತ್ತು ಸಲ ಒಗೆದಿದ್ದಳು, ಒಂಬತ್ತೂ ಬಿದ್ದಿರಲಿಲ್ಲ. ಜ್ವರ ಬಂದಿತ್ತು ಎಂದಳು. ನಿಜವಾಗಿಯೂ ಬಂದಿತ್ತು, ಟೆಂಪೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳ ಹಣೆ ಕೆಂಡದ ಹಾಗೆ ಸುಡುತ್ತಿತ್ತು. ಅಕ್ಕೋರು ಹಾಳೆಯನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ನಿಜಕ್ಕೂ ಹುಡುಕುವವರ ಹಾಗೆ ನೋಡಿದರು. “ಜ್ವರಕ್ಕ ಕಾಲಂ ಇಲ್ಲ,” ಎಂದರು. ಐದುನೂರು ಹುಡುಗ ಹುಡುಗಿಯರು ನಕ್ಕರು. ನಾನೂ ನಕ್ಕೆ. ಆ ವರ್ಷವಿಡೀ ಅವಳು ಬಯಲಕಡೆಗೆ ಹೋಗಿ ಬಂದರೂ, ಕಡ್ಡಿಪೆಟ್ಟಿಗೆ ತರಲು ಅಂಗಡಿಗೆ ಹೋದರೂ ಹಿಂದಿನಿಂದ ಯಾರಾದರೂ ‘ಜ್ವರ ಬಂತು, ಜ್ವರ ಬಂತು’ ಅನ್ನುತ್ತಿದ್ದರು. ಅವಳು ಆಟ ಬಿಟ್ಟಳು.

ಇದರಿಂದ ತಂಡ ಸುಧಾರಿಸಿತು ಅನ್ನುವುದನ್ನೂ ಬರೆಯಬೇಕು, ಅದು ನನಗೆ ಇಷ್ಟವಿಲ್ಲದಿದ್ದರೂ. ಕಣ್ಣು ಮುಚ್ಚಿ ಒಗೆಯುತ್ತಿದ್ದ ನಾವು ನೋಡಿ ಒಗೆಯತೊಡಗಿದೆವು. ಆದರೆ ಒಂದು ಹಂತಕ್ಕೆ ಬಂದ ಮೇಲೆ ಒಗೆಯುವುದನ್ನೇ ಬಿಟ್ಟೆವು. ಒಗೆದರೆ ತಾನೇ ಬೀಳದಿರುವುದು? ಸಿಂದಗಿಯವರ ಎದುರಿನ ಒಂದು ಪಂದ್ಯದಲ್ಲಿ ಚೆಂಡು ನಮ್ಮ ಐದು ಜನರ ಕೈಯಲ್ಲಿ ಸುತ್ತಿ ಸುತ್ತಿ ಬಂತೇ ಹೊರತು ರಿಂಗಿನ ಕಡೆ ಹೋಗಲಿಲ್ಲ. ಬಿಸಿ ಕಾವಲಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಹಾಗೆ ದಾಟಿಸುತ್ತಿದ್ದೆವು. ಮಾಸ್ತರು “ಯಾರರ ಒಗೀರೆವ್ವಾ” ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದರು. ಸೋತೆವು. ಆದರೂ ಸೋಮವಾರ ನಾವು ಹಗುರಾಗಿ ಹೋಗಿ ನಿಂತೆವು, ಯಾರ ಹೆಸರಿಗೂ ಬೀಳದ್ದು ಎರಡಕ್ಕಿಂತ ಹೆಚ್ಚಿರಲಿಲ್ಲ. ಅಕ್ಕೋರು ಹಾಳೆ ಬಿಡಿಸಿದರು. ಬಲತುದಿಗೆ ಹೊಸ ಕಾಲಂ ಒಂದು ಹುಟ್ಟಿತ್ತು: ಒಗೆಯದ್ದು. ನನ್ನ ಹೆಸರಿಗೆ ಹದಿನೇಳು ಬಂದಿತ್ತು. ಮಾಡಿದ್ದನ್ನು ಎಣಿಸುವವರಿಂದ ತಪ್ಪಿಸಿಕೊಳ್ಳಬಹುದು. ಮಾಡದೆ ಬಿಟ್ಟದ್ದನ್ನು ಎಣಿಸುವವರಿಂದ ಎಲ್ಲಿಗೆ ಓಡುವುದು?

ಇನ್ನು ಜರ್ಸಿಯ ಸಂಗತಿ. ಅದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ಊರಿನ ಒಬ್ಬ ಗಣ್ಯರು ನಮ್ಮ ತಂಡಕ್ಕೆ ಹತ್ತು ಜರ್ಸಿ ಕೊಟ್ಟಿದ್ದರು. ನಮ್ಮ ಕಾಲಕ್ಕೆ ಐದು ಉಳಿದಿದ್ದವು, ನಾಲ್ಕರಿಂದ ಎಂಟು ನಂಬರಿನವು. ಉಳಿದ ಐದು ಯಾರ ಮನೆಯ ಒರೆಸುವ ಅರಿವೆಯಾದವೋ ಗೊತ್ತಿಲ್ಲ. ಹಾಗಾಗಿ ಆಟದ ನಡುವೆ ಯಾರಾದರೂ ಹೊರಗೆ ಬಂದರೆ ಸಾಲಿಯ ಬಿಳಿ ಅಂಗಿಯ ಮೇಲೆ ತೊಟ್ಟ ಜರ್ಸಿಯನ್ನು ಕಳಚಿ, ಬದಲಿಗೆ ಇಳಿಯುವವಳಿಗೆ ಕೊಡಬೇಕು. ಇನ್ನೊಬ್ಬಳ ಬೆವರಿನಲ್ಲಿ ನೆಂದ ಅರಿವೆ ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತಿತ್ತು. ಬೇರೆ ಸಾಲಿಗಳ ಸ್ಥಿತಿಯೂ ಅಷ್ಟರಲ್ಲೇ ಇದ್ದುದರಿಂದ ಪಂದ್ಯದ ಪಂಚರು ಕಂಡೂ ಕಾಣದಂತೆ ಇರುತ್ತಿದ್ದರು.

ಅಕ್ಕೋರ ಹಾಳೆಯಲ್ಲಿದ್ದದ್ದು ನಂಬರು. ಬದಲಿ ಆಡಿದವಳು ಏನು ಮಾಡಿದರೂ ಅದು ಜರ್ಸಿಯ ಒಡತಿಯ ತಲೆಗೆ ಬೀಳುತ್ತಿತ್ತು. ಏಳನೇ ನಂಬರು ನನ್ನದು. ಒಮ್ಮೆ ನನ್ನ ಜರ್ಸಿ ತೊಟ್ಟವಳು ನಾಲ್ಕು ಸಲ ಒಗೆದು ನಾಲ್ಕನ್ನೂ ಹಾಳು ಮಾಡಿದಳು, ಸೋಮವಾರ ಅದನ್ನು ನನ್ನ ಲೆಕ್ಕಕ್ಕೇ ಓದಿದರು, ನಾನು “ಇಲ್ರಿ ಅಕ್ಕೋರ” ಅಂದೆ. ಅದಾದ ಮೇಲೆ ಜರ್ಸಿ ಕೊಡುವಾಗ ‘ನನ್ನ ನಂಬರು ಕೆಡಸಬ್ಯಾಡ’ ಎಂದು ಹಲ್ಲು ಕಚ್ಚಿ ಹೇಳಿಯೇ ಕೊಡುತ್ತಿದ್ದೆ.

ಬದಲಿ ಆಡುವವರಲ್ಲಿ ಲಕ್ಕವ್ವ ಅಂತ ಒಬ್ಬಳಿದ್ದಳು. ಇಂಗಳೇಶ್ವರದ ಕಡೆಯವಳು, ಕುರಿ ಸಾಕುವ ಮನೆತನ. ಉದ್ದ ಕೈ, ಬರಿಗಾಲು, ಮಾತು ಬಹಳ ಕಡಿಮೆ. ಕುರಿ ತಿರುಗಿಸಲು ಕಲ್ಲೊಗೆದು ಬೆಳೆದ ಕೈ ಅದು. ಕಲ್ಲು ಕುರಿಗೆ ಬಡಿಯಬಾರದು, ಅದರ ಮೂಗಿನ ಮುಂದೆ ಗೇಣು ದೂರದಲ್ಲಿ ಬೀಳಬೇಕು. ಚೆಂಡನ್ನೂ ಹಾಗೆಯೇ ಒಂದೇ ಕೈಯಲ್ಲಿ ಒಗೆಯುತ್ತಿದ್ದಳು. ಮಾಸ್ತರು ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದರು. ಬಸ್ಸು ತಡವಾಗಿ ಬರುತ್ತಿದ್ದುದರಿಂದ ಮುಂಜಾನೆಯ ಅಭ್ಯಾಸ ಅವಳಿಗೆ ತಪ್ಪುತ್ತಿತ್ತು, ಅದಕ್ಕೇ ಬದಲಿಯಾಗಿ ಉಳಿದಿದ್ದಳು.

ನಾವು ಹತ್ತನೇ ಇಯತ್ತೆಯಲ್ಲಿದ್ದ ವರ್ಷ ನಾಲ್ಕು ತಾಲೂಕಿನ ಪಂದ್ಯಗಳಲ್ಲಿ ಕೊನೆಯ ಸುತ್ತಿಗೆ ಬಂದೆವು. ಸಿಂದಗಿಯಲ್ಲಿ ಶನಿವಾರ, ಎದುರಿಗೆ ಮುದ್ದೇಬಿಹಾಳದವರು. ಗೆದ್ದ ತಂಡದಿಂದ ಒಬ್ಬ ಹುಡುಗಿಯನ್ನು ವಿಜಯಪುರದ ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ ಎಂದಿತ್ತು. ಅಲ್ಲಿ ಊಟ, ವಸತಿ, ಪಿಯುಸಿವರೆಗೆ ಓದು. ಲಕ್ಕವ್ವನ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಹಾಸ್ಟೆಲು ಸಿಕ್ಕರೆ ಸಾಲಿ, ಇಲ್ಲದಿದ್ದರೆ ಹತ್ತನೇದಾದ ಮರುದಿನ ಕುರಿಯ ಹಿಂದೆ. ನನ್ನ ಅಪ್ಪ ಬಸ್ ಕಂಡಕ್ಟರ್. ಹಾಸ್ಟೆಲು ಸಿಗಲಿ ಬಿಡಲಿ, ನಾನು ಬಾಗೇವಾಡಿಯಲ್ಲಿ ಕಾಲೇಜಿಗೆ ಹೋಗುವುದು ನಿಶ್ಚಯವಾಗಿತ್ತು. ನನಗೆ ಬೇಕಾಗಿದ್ದದ್ದು ಆ ಹಾಸ್ಟೆಲಿನ ಹುಡುಗಿಯರು ತೊಡುವ ನೀಲಿ ಟ್ರ್ಯಾಕ್ ಸೂಟು. ಅದಕ್ಕಿಂತ ದೊಡ್ಡ ಕಾರಣ ಇತ್ತೆಂದು ಬರೆಯಲು ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ, ಇರಲಿಲ್ಲ.

ಅವತ್ತು ನಾನು ಹತ್ತು ಸಲ ಒಗೆದು ನಾಲ್ಕು ಹಾಕಿದೆ. ಒಂದಕ್ಕೆ ಎರಡರಂತೆ ಎಂಟು ಅಂಕ. ಆಟ ಮುಗಿಯಲು ಐದು ನಿಮಿಷ ಇರುವಾಗ, ಅವರು ಇಪ್ಪತ್ತಾರು ನಾವು ಇಪ್ಪತ್ನಾಲ್ಕು ಇದ್ದಾಗ, ನನ್ನ ಮೀನಖಂಡ ಗಂಟು ಕಟ್ಟಿತು. ಕುಂಟುತ್ತ ಹೊರಗೆ ಬಂದೆ. ಜರ್ಸಿ ಕಳಚಿ ಲಕ್ಕವ್ವನಿಗೆ ಕೊಟ್ಟೆ, ಎಂದಿನ ಮಾತನ್ನೂ ಹೇಳಿದೆ. ಅವಳು ಒಳಗೆ ಹೋಗಿ ಮೂರು ಸಲ ಒಗೆದಳು. ಮೂರೂ ರಿಂಗಿಗೆ ತಾಗದೆ ನಡುವಿನಿಂದ ಇಳಿದವು. ಮುದ್ದೇಬಿಹಾಳದವರು ಒಂದು ಹಾಕಿದರು. ಮೂವತ್ತಕ್ಕೆ ಇಪ್ಪತ್ತೆಂಟು, ಗೆದ್ದೆವು.

ಆರಿಸಲು ಬಂದಿದ್ದ ಇಬ್ಬರು ಬೇವಿನ ಮರದ ಕೆಳಗೆ ಗಿರ್ಮಿಟ್ಟು ತಿನ್ನುತ್ತ ಕುಳಿತಿದ್ದರು. ಅರ್ಧ ಆಟ ಮುಗಿದ ಮೇಲೆ ಬಂದು, ಉಳಿದರ್ಧದಲ್ಲಿ ಮಿರ್ಚಿ ಸಾಲದೆಂದು ಮತ್ತೆ ತರಿಸಿದವರು. ಕೊನೆಗೆ ಎದ್ದು ಅಕ್ಕೋರ ಹತ್ತಿರ ಬಂದು, ನಿಮ್ಮ ಹಾಳೆ ಕೊಡಿರಿ, ಅದರಲ್ಲಿ ಯಾರದು ಹೆಚ್ಚಿದೆಯೋ ಅವಳನ್ನೇ ಬರೆದುಕೊಳ್ಳುತ್ತೇವೆ ಅಂದರು. ಅಕ್ಕೋರು ಕೊಡಲಿಲ್ಲ. ಸೋಮವಾರ ಓದದೆ, ಹೆಡ್‌ಮಾಸ್ತರ ಸಹಿ ಬೀಳದೆ ಹಾಳೆ ಹೊರಗೆ ಹೋಗುವುದಿಲ್ಲ, ಆಮೇಲೆ ಟಪಾಲಿನಲ್ಲಿ ಕಳಿಸುತ್ತೇನೆ ಎಂದರು. ಅವರಿಗೂ ಅದೇ ಬೇಕಾಗಿತ್ತು, ಕೈ ತೊಳೆದುಕೊಂಡು ಹೊರಟರು.

ವಾಪಸು ಬರುವಾಗ ಟೆಂಪೋದಲ್ಲಿ ಎಲ್ಲರೂ ಹಾಡುತ್ತಿದ್ದರು. ಲಕ್ಕವ್ವ ನನ್ನ ಪಕ್ಕ ಬಂದು ಕುಳಿತಳು. ಮಡಚಿದ ಜರ್ಸಿಯನ್ನು ನನ್ನ ಮಡಿಲಿಗೆ ಇಟ್ಟಳು.

“ಸೋಮವಾರ ಅಕ್ಕೋರು ಕೇಳಿದಾಗ ನೀ ಹೇಳ್ತಿ ಅಲಾ?” ಎಂದಳು. “ಬದಲಿಯವರನ್ನ ಅವರು ಕೇಳಂಗಿಲ್ಲ.”

“ಹ್ಞೂಂ, ಹೇಳ್ತೇನಿ,” ಅಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ನಡುವೆ ಒಂದು ಭಾನುವಾರ ಇತ್ತು. ಅವತ್ತು ನನ್ನೊಳಗೆ ಒಬ್ಬ ವಕೀಲ ಹುಟ್ಟಿದ. ಇನ್ನೊಬ್ಬಳು ಹಾಳು ಮಾಡಿದ ನಾಲ್ಕನ್ನು ನಾನು ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲವೇ? ಆಗ ಯಾರಾದರೂ ನನ್ನ ಪರವಾಗಿ ಬಾಯಿ ಬಿಟ್ಟರೇ? ತಪ್ಪು ನಂಬರಿಗೆ ಸೇರುವುದಾದರೆ ಒಪ್ಪು ಯಾಕೆ ಸೇರಬಾರದು? ಸಂಜೆಯ ಹೊತ್ತಿಗೆ ಆ ಆರು ಅಂಕ ನನ್ನವೇ ಎಂದು ನನಗೆ ಪೂರ್ತಿ ನಂಬಿಕೆ ಬಂದಿತ್ತು.

ಸೋಮವಾರ ಮುಂದೆ ಬಂದು ನಿಂತೆವು. “ಏಳನೇ ನಂಬರು,” ಎಂದರು ಅಕ್ಕೋರು. “ಒಗೆದದ್ದು ಹದಿಮೂರು, ಬೀಳದ್ದು ಆರು.” ನಮ್ಮ ಸಾಲಿಯಲ್ಲಿ ಬಿದ್ದದ್ದು ಬೀಳದ್ದಕ್ಕಿಂತ ಹೆಚ್ಚಾದದ್ದು ಅದೇ ಮೊದಲು. ಹುಡುಗರು ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ತರೂ ತಟ್ಟಿದರು. ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ಅಕ್ಕೋರು ಕಾದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಏನರ ಹೇಳೂದೈತೇನ?”

ಲಕ್ಕವ್ವ ಹತ್ತನೇ ಇಯತ್ತೆಯ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಅಕ್ಕೋರನ್ನು ನೋಡುತ್ತಿರಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು.

“ಇಲ್ರಿ ಅಕ್ಕೋರ,” ಅಂದೆ.

ಅವರು ತಕ್ಷಣ ಮುಂದಿನ ನಂಬರಿಗೆ ಹೋಗಲಿಲ್ಲ. ಕೆಂಪು ಪೆನ್ನಿನಿಂದ ಏನೋ ಸಣ್ಣದಾಗಿ ಬರೆದುಕೊಂಡರು. ಕೊನೆಯಲ್ಲಿ “ಬದಲಿ ಆಡಿದವರು, ಸೊನ್ನಿ,” ಎಂದು ಓದಿ ಹಾಳೆಯನ್ನು ಹೆಡ್‌ಮಾಸ್ತರ ಕೈಗೆ ಕೊಟ್ಟರು. ಅವರು ಅಲ್ಲೇ, ಮೈಕಿನ ಪಕ್ಕದ ಟೇಬಲ್ಲಿನ ಮೇಲೆ ಸಹಿ ಮಾಡಿದರು.

ಲಕ್ಕವ್ವ ನನ್ನ ಜೊತೆ ಜಗಳವಾಡಲಿಲ್ಲ. ಮಾತು ಬಿಟ್ಟಳು ಅಷ್ಟೆ. ಮೊದಲೇ ಕಡಿಮೆ ಮಾತಿನವಳಾದ್ದರಿಂದ ಅದು ಬೇರೆ ಯಾರಿಗೂ ಗೊತ್ತಾಗಲಿಲ್ಲ. ಪರೀಕ್ಷೆ ಮುಗಿದ ವಾರವೇ ಅವಳು ಕುರಿಯ ಹಿಂದೆ ಹೋದಳೆಂದು ಕೇಳಿದೆ. ನಾನು ವಿಜಯಪುರಕ್ಕೆ ಹೋಗಿ ನೀಲಿ ಟ್ರ್ಯಾಕ್ ಸೂಟು ತೊಟ್ಟೆ. ಅದು ಮೊಣಕಾಲಿನ ಹತ್ತಿರ ಬೇಗ ಬಣ್ಣ ಬಿಟ್ಟಿತು. ಅಲ್ಲಿಂದ ತರಬೇತಿ, ಅಲ್ಲಿಂದ ನೌಕರಿ. ಈಗ ಇಂಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನೇ ಪಿ.ಟಿ. ಅಕ್ಕೋರು.

ನಾಲ್ಕು ವರ್ಷದ ಹಿಂದೆ ಒಮ್ಮೆ ಬಾಗೇವಾಡಿಗೆ ಹೋದಾಗ ಅವರ ಮನೆಗೆ ಹೋದೆ. ನಿವೃತ್ತರಾಗಿದ್ದರು. ಗುರುವಿನ ಕಾಲಿಗೆ ಬೀಳುವುದು ನೆಪ. ನಿಮ್ಮಿಂದ ಹಾಳಾಗಬೇಕಿದ್ದವಳು ಏನಾಗಿದ್ದೇನೆ ನೋಡಿರಿ ಎಂದು ತೋರಿಸಬೇಕಿತ್ತು. ನನ್ನ ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. “ಏಳನೇ ನಂಬರು” ಅಂದೆ. ಗಂಡನಿಗೆ ಹೇಳಿ ಕಪಾಟಿನ ಮೇಲಿನ ಕಟ್ಟನ್ನು ಇಳಿಸಿದರು. ಹೆಡ್‌ಮಾಸ್ತರು ಮಾಡಿಸಿದ ನಕಲು ಟಪಾಲಿಗೆ ಹೋಗಿತ್ತು, ಮೂಲ ಹಾಳೆ ಇವರ ಹತ್ತಿರವೇ ಇತ್ತು. ಹೆಚ್ಚು ಹುಡುಕದೆ ಆ ಸಿಂದಗಿಯ ಹಾಳೆಯನ್ನು ಹೊರತೆಗೆದು ನನ್ನ ಮುಂದೆ ಇಟ್ಟರು.

ಏಳರ ಮುಂದೆ ನೀಲಿ ಶಾಯಿಯಲ್ಲಿ ಹದಿಮೂರು, ಏಳು, ಆರು ಎಂದಿತ್ತು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಕಂಡರೂ ಕಾಣದಷ್ಟು ತೆಳ್ಳಗೆ, ಎರಡು ಸಾಲು. ಹತ್ತಕ್ಕೆ ನಾಲ್ಕು. ಮೂರಕ್ಕೆ ಮೂರು. ಬಲತುದಿಯಲ್ಲಿ, ಒಗೆಯದ್ದು ಎಂಬ ಕಾಲಮ್ಮಿನ ಆಚೆ, ಇನ್ನೊಂದು ಕೆಂಪು ಗೆರೆ ಎಳೆದಿತ್ತು. ಅದರ ತಲೆಯ ಮೇಲೆ ‘ಹೇಳದ್ದು’ ಎಂದಿತ್ತು. ನನ್ನ ಸಾಲಿನಲ್ಲಿ ಒಂದು.

“ಗೊತ್ತಿತ್ತೇನ್ರಿ ನಿಮಗ?” ಎಂದೆ.

“ಅಂಗಿ ಒಂದ ಆದ್ರ ಮಾರಿ ಒಂದ ಅಕ್ಕೈತೇನ?”

ಮತ್ತೆ ನೀವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಹತ್ತನೇ ಇಯತ್ತೆಯ ಹುಡುಗಿಯದಾಗಿತ್ತು. ಅವರು ನನ್ನನ್ನು, ಸುಲಭದ ಲೆಕ್ಕವನ್ನು ಮೂರನೇ ಸಲ ತಪ್ಪು ಮಾಡಿದವಳನ್ನು ನೋಡುವ ಹಾಗೆ ನೋಡಿದರು.

“ನಾ ಹೇಳಿದ್ರ ಆಕಿ ಹಾಸ್ಟೆಲಿಗಿ ಹೋಗ್ತಿದ್ಲು,” ಎಂದರು. “ನೀ ಎಂಥಾಕಿ ಅನ್ನೂದು ಹೆಂಗ ತಿಳೀತಿತ್ತು?”

ಲಕ್ಕವ್ವ ಏನು ತಪ್ಪು ಮಾಡಿದ್ದಳು ಎಂದು ಕೇಳಿದೆ. ಏನೂ ಮಾಡಿರಲಿಲ್ಲ ಎಂದು ಅವರೂ ಒಪ್ಪಿದರು. ಬಾಯಿ ಇತ್ತು, ಸುಮ್ಮನೆ ನಿಂತಳು ಎಂದರು. ಹೇಳದ್ದು ಕಾಲಮ್ಮಿನಲ್ಲಿ, ಬದಲಿಯವರ ಸಾಲಿನ ಮುಂದೆಯೂ ಒಂದು ಇತ್ತು, ಆಮೇಲೆ ಕಂಡೆ. ನನ್ನ ಗುಣ ತಿಳಿದುಕೊಳ್ಳಲು ಇವರು ಇನ್ನೊಬ್ಬಳ ಬದುಕನ್ನು ಹಾಳೆಯ ಮೇಲೆ ಇಟ್ಟು ನೋಡಿದ್ದರು, ಮತ್ತು ಉತ್ತರ ಸರಿಯಾಗಿ ಬಂದದ್ದಕ್ಕೆ ಅವರ ಮುಖದಲ್ಲಿ ಒಂದು ಸಣ್ಣ ತೃಪ್ತಿ ಇತ್ತು. ನನಗೆ ಆ ಹೆಂಗಸಿನ ಮೇಲೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಬಂದಿಲ್ಲ. ಲಕ್ಕವ್ವನಿಗೆ ನಾವಿಬ್ಬರೂ ಸೇರಿ ಮಾಡಿದ್ದನ್ನು ಅವರೊಬ್ಬರ ಮೇಲೆ ಹೊರಿಸಿ ಎದ್ದು ಬರಲು ನನಗೆ ಅದು ಅನುಕೂಲವೂ ಆಯಿತು. ಚಹಾ ಕುಡಿದು ಹೋಗು ಎಂದರು. ಕುಡಿದೆ, ಸಕ್ಕರೆ ಕಡಿಮೆ ಇತ್ತು.

ಈಗಿನ ಸಾಲಿಗೆ ಬಂದ ವರ್ಷವೇ ನಾನು ತಂಡಕ್ಕೆ ಹದಿನೈದು ಜರ್ಸಿ ಹೊಲಿಸಿದ್ದೇನೆ. ಒಬ್ಬಳದನ್ನು ಇನ್ನೊಬ್ಬಳು ತೊಡುವಂತಿಲ್ಲ. ಅದನ್ನು ಎಲ್ಲರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳದ್ದು ಇದು: ನನ್ನ ಹತ್ತಿರವೂ ಕೆಂಪು ಗೆರೆಯ ಹಾಳೆಯಿದೆ, ನಾನೂ ಸೋಮವಾರ ಓದುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಕಾಲು ಉಳುಕಿತ್ತು ಎಂದಳು. ಆಗ ನನ್ನ ಬಾಯಿಂದ ಏನು ಬಂತು, ಮಕ್ಕಳು ಹೇಗೆ ನಕ್ಕರು ಎಂಬುದನ್ನು ಬಿಡಿಸಿ ಬರೆಯಬೇಕಿಲ್ಲ.

ಅಕ್ಕೋರು ಹೋದ ಸುದ್ದಿ ಬಂದ ಮರುದಿನ ನಾನು ಝಳಕಿಯಲ್ಲಿ ಬಸ್ಸಿಳಿದೆ. ಹೆದ್ದಾರಿಯ ಬದಿಗೆ ಲಿಂಬಿಕಾಯಿಯ ರಾಶಿ ಹಾಕಿಕೊಂಡು ಲಕ್ಕವ್ವ ಕುಳಿತಿರುತ್ತಾಳೆಂದು ನನಗೆ ಆರು ವರ್ಷದಿಂದ ಗೊತ್ತಿತ್ತು. ಅವಳನ್ನು ಆ ಊರಿಗೇ ಕೊಟ್ಟಿದ್ದರು. ಆ ದಾರಿಯಲ್ಲಿ ಹೋಗುವಾಗ ನಾನು ಯಾವಾಗಲೂ ಬಸ್ಸಿನ ಇನ್ನೊಂದು ಬದಿಯ ಕಿಟಕಿಗೆ ಕೂರುತ್ತಿದ್ದೆ. ಅವತ್ತು ಅವಳ ಎದುರಿಗೆ ಹೋಗಿ ನಿಂತೆ. ಪೆನ್ಸಿಲ್ಲಿನ ಆ ಎರಡು ಸಾಲುಗಳ ವಿಷಯ ಹೇಳಬೇಕು, ಆ ಆರು ಅಂಕ ನಿನ್ನವು ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

ಅವಳಿಗೆ ನನ್ನ ಗುರುತು ತಕ್ಷಣ ಹತ್ತಿತು. ಕೂರಲು ಒಂದು ಚೀಲ ಸರಿಸಿ ಕೊಟ್ಟಳು. ಅಕ್ಕೋರು ಹೋದರು ಎಂದೆ, ಕೇಳಿದ್ದೇನೆ ಎಂದಳು. ಮಳೆ, ಬೆಲೆ, ಮಕ್ಕಳು ಎಂದು ನಾಲ್ಕು ಮಾತಾಯಿತು. ಮಾತಾಡುತ್ತಲೇ ಅವಳು ರಾಶಿಯಲ್ಲಿ ಕೆಟ್ಟ ಲಿಂಬಿಕಾಯಿಗಳನ್ನು ಆರಿಸಿ, ತಿರುಗಿ ನೋಡದೆ, ಭುಜದ ಮೇಲಿನಿಂದ ಹಿಂದಕ್ಕೆ ಒಗೆಯುತ್ತಿದ್ದಳು. ಎಂಟು ಹೆಜ್ಜೆ ಹಿಂದೆ ಒಂದು ಹಳೆಯ ಬಣ್ಣದ ಡಬ್ಬಿ ಇತ್ತು. ನಾನು ಎಣಿಸಬಾರದೆಂದರೂ ಎಣಿಸಿದೆ. ಹನ್ನೊಂದು ಒಗೆದಳು, ಹನ್ನೊಂದೂ ಡಬ್ಬಿಗೆ ಬಿದ್ದವು.

ನಾನು ಒಂದು ಲಿಂಬಿಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತೆ. ಲಕ್ಕವ್ವ ಕೈ ನಿಲ್ಲಿಸಿದಳು. ತಲೆ ಸ್ವಲ್ಪ ಬಗ್ಗಿಸಿ, ಮೂಗಿನ ಮೇಲೆ ಇಲ್ಲದ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು.

“ಏನರ ಹೇಳೂದೈತೇನ?”

ದೂರದಲ್ಲಿ ಇಂಡಿಯ ಬಸ್ಸು ಕಾಣುತ್ತಿತ್ತು.

“ಇಲ್ಲ,” ಅಂದೆ.

ಅವಳು ಹನ್ನೆರಡನೆಯದನ್ನು ಒಗೆದಳು. ಬಿತ್ತು.